ಹಿತ್ತಾಳೆ, ನಿಕ್ಕಲ್, ಉಕ್ಕು, ಕಾಗದ: ನಮ್ಮ ಮಳೆಗೆ ತಡೆಯುವ ಗುಂಡಿನ ಕೇಸು ಯಾವುದು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಮನೆಯಲ್ಲಿ ಕೋವಿ ಇರುವುದು ಹೊಸತಲ್ಲ. ಹೆಚ್ಚಿನವು ಬೆಳೆ ರಕ್ಷಣೆಯ ಲೈಸೆನ್ಸಿನ 12 ಬೋರು (ಬೋರು ಎಂದರೆ ನಳಿಗೆಯ ಒಳಗಲದ ಅಳತೆ). ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಆತ್ಮರಕ್ಷಣೆಗೆಂದು ತೆಗೆದುಕೊಂಡ .32 ರಿವಾಲ್ವರ್ ಅಥವಾ ಪಿಸ್ತೂಲು. ಕೋವಿಯನ್ನು ಒರೆಸಿ ಎಣ್ಣೆ ಹಚ್ಚಿ ಜೋಪಾನ ಮಾಡುವವರೂ ಗುಂಡಿನ ಪೊಟ್ಟಣವನ್ನು ನಾಗಂದಿಗೆಯ ಮೂಲೆಗೆ ತಳ್ಳಿ ಮರೆತುಬಿಡುತ್ತಾರೆ. ಐದಾರು ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಿದರೆ ಕೇಸಿನ (ಮದ್ದು ತುಂಬಿ ಬಾಯಿಗೆ ಗುಂಡು ಕೂರಿಸಿದ ಕೊಳವೆಯ) ಮೇಲೆ ಹಸಿರು ಕಿಲುಬು, ಕಾಗದದ ತೋಟೆಯಾಗಿದ್ದರೆ (12 ಬೋರಿನ ಗುಂಡಿಗೆ ತೋಟೆ ಎನ್ನುವುದು) ಹೊಟ್ಟೆ ಉಬ್ಬಿ ನಳಿಗೆಯೊಳಗೆ ಹೋಗುವುದೇ ಇಲ್ಲ.

ಗುಂಡು ಕೊಳ್ಳುವಾಗ ನಾವು ಕೇಳುವುದು ಬೆಲೆ ಮತ್ತು ಕಂಪನಿ. ಕರಾವಳಿಯಲ್ಲಿ ಉಪ್ಪುಗಾಳಿ, ಘಟ್ಟದ ಮೇಲೆ ನಾಲ್ಕು ತಿಂಗಳ ಜಡಿಮಳೆ ಇರುವ ಈ ಜಿಲ್ಲೆಯಲ್ಲಿ ಅದಕ್ಕಿಂತ ಮುಂಚೆ ಕೇಳಬೇಕಾದ್ದು ಎರಡು: ಕೇಸು ಯಾವುದರದ್ದು, ತಯಾರಾಗಿ ಎಷ್ಟು ವರ್ಷವಾಯಿತು. ಮೂರನೆಯದನ್ನು ನಮಗೆ ನಾವೇ ಕೇಳಿಕೊಳ್ಳಬೇಕು: ಮನೆಯಲ್ಲಿ ಇದನ್ನು ಇಡುವುದೆಲ್ಲಿ?

ಇಲ್ಲಿ ನಿಜವಾಗಿ ಸಿಗುವುದೇನು

ಮೊದಲು 'ಸರ್ಪ್ಲಸ್' ಎಂಬ ಮಾತನ್ನು ಬಗೆಹರಿಸಿಕೊಳ್ಳೋಣ. ಅಮೆರಿಕದಲ್ಲಿ ಬೇರೆ ಬೇರೆ ದೇಶದ ಸೇನೆಗಳು ವಿಲೇವಾರಿ ಮಾಡಿದ ಹಳೆಯ ಗುಂಡು ಡಬ್ಬಿಗಟ್ಟಲೆ ಅಂಗಡಿಯಲ್ಲಿ ಮಾರಾಟಕ್ಕಿರುತ್ತದೆ. ನಮ್ಮಲ್ಲಿ ಆ ದಾರಿಯೇ ಇಲ್ಲ. ಸೇನೆ, ಪೊಲೀಸರು ಬಳಸುವ 9×19 ಮಿ.ಮೀ. ಗುಂಡು ನಿಷೇಧಿತ ಬೋರಿನದು. ನಿಷೇಧಿತ ಗುಂಡನ್ನು ಅಕ್ರಮವಾಗಿ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಶಸ್ತ್ರಾಸ್ತ್ರ ಕಾಯ್ದೆಯಡಿ ಕನಿಷ್ಠ 7 ವರ್ಷ ಜೈಲು. 'ಮಿಲಿಟರಿ ಮಾಲು, ಕಡಿಮೆಗೆ ಕೊಡಿಸುತ್ತೇನೆ' ಎಂದು ಯಾರಾದರೂ ಹತ್ತಿರ ಬಂದರೆ ಅಲ್ಲಿಂದ ಎದ್ದು ಬರುವುದೇ ಸರಿ. ಕೊಡಗಿನವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಎನ್ನುವ ಮಾತು ಇಲ್ಲೂ ಕೇಳಿಬರುತ್ತದೆ. ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನ ಪಾರಂಪರಿಕ ಜಮ್ಮಾ ಜಮೀನಿನ ಹಿಡುವಳಿದಾರರಿಗೆ, ಉತ್ತರ ಕನ್ನಡಕ್ಕಲ್ಲ.

ನಮಗೆ ಉಳಿಯುವುದು ಲೈಸೆನ್ಸ್ ಇರುವ ಡೀಲರ್ ಒಬ್ಬರೇ. ಲೈಸೆನ್ಸಿನಲ್ಲಿ ಯಾವ ಬೋರು, ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ಬರೆದಿರುತ್ತದೆ. ಅದನ್ನು ಮೀರಿ ಒಂದು ಗುಂಡೂ ಇಲ್ಲ. ಕೊಂಡಾಗ ಪುಸ್ತಕದಲ್ಲಿ ನಮೂದು ಮಾಡಿಸಿ, ಬಿಲ್ಲು ಇಟ್ಟುಕೊಳ್ಳಿ. ಹೊಡೆದ ಖಾಲಿ ಕೇಸುಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಡಿ. ಕಾರವಾರದ ಡಿಸಿ ಆಫೀಸಿನಲ್ಲಿ ನವೀಕರಣಕ್ಕೆ ಹೋದಾಗಲೋ, ಠಾಣೆಯಲ್ಲಿ ತಪಾಸಣೆಗೆ ಕರೆದಾಗಲೋ ಲೆಕ್ಕ ಕೇಳಿದರೆ ಬಾಯಿಮಾತಿಗಿಂತ ಆ ಡಬ್ಬಿ ಗಟ್ಟಿ. ಖಾಲಿ ಕೇಸಿಗೆ ಮನೆಯಲ್ಲೇ ಮದ್ದು ತುಂಬುವ ಯೋಚನೆ ಬೇಡ, ಲೈಸೆನ್ಸಿಲ್ಲದೆ ಗುಂಡು ತಯಾರಿಸಿದ ಅಪರಾಧಕ್ಕೆ ಅದೂ ಸೇರುತ್ತದೆ.

.32 ಕೊಳ್ಳುವವರಲ್ಲಿ ಆಗುವ ದೊಡ್ಡ ತಪ್ಪು ಕೇಸಿನ ಲೋಹದ್ದಲ್ಲ, ಉದ್ದದ್ದು. '.32 ಕೊಡಿ' ಎಂದರೆ ಸಾಲದು. ಕಾನ್ಪುರದಲ್ಲಿ ತಯಾರಾಗುವ ಸರ್ಕಾರಿ ರಿವಾಲ್ವರಿಗೆ ಬೇಕಾದ್ದು 7.65×23 ಮಿ.ಮೀ., ಅಂದರೆ .32 ಸ್ಮಿತ್ ಆಂಡ್ ವೆಸನ್ ಲಾಂಗ್. ಅಶನಿ ಪಿಸ್ತೂಲಿಗೆ ಬೇಕಾದ್ದು 7.65×17 ಮಿ.ಮೀ., ಅಂದರೆ .32 ಎಸಿಪಿ. ರಿವಾಲ್ವರಿನದು ಉದ್ದ, ತಳದ ಅಂಚು ಚೆನ್ನಾಗಿ ಹೊರಚಾಚಿರುತ್ತದೆ. ಪಿಸ್ತೂಲಿನದು ಗಿಡ್ಡ, ಅಂಚು ಒಂಚೂರು ಮಾತ್ರ ಹೊರಗೆ. ಗುಂಡಿನ ದಪ್ಪ ಹೆಚ್ಚುಕಮ್ಮಿ ಒಂದೇ ಆಗಿರುವುದರಿಂದ ಪಿಸ್ತೂಲಿನ ಗುಂಡು ರಿವಾಲ್ವರಿನ ಕೋಣೆಯಲ್ಲಿ (ಗುಂಡು ತುಂಬುವ ತೂತಿನಲ್ಲಿ) ಕೂತುಬಿಡುವುದುಂಟು. ಕೂತಿತೆಂದು ಹೊಡೆಯಬಾರದು. ಪಿಸ್ತೂಲಿನ ಗುಂಡಿಗೆ ಅಮೆರಿಕದ ಮಾನದಂಡದಲ್ಲಿ 20,500 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ತನಕ ಒತ್ತಡ, ರಿವಾಲ್ವರಿನ ಲಾಂಗ್ ಗುಂಡಿಗೆ 15,000. ಹಳೆಯ ರಿವಾಲ್ವರಿನಲ್ಲಿ ಗುಂಡು ತುಂಬುವ ಉರುಳೆ ಆ ಹೆಚ್ಚಿನ ಒತ್ತಡಕ್ಕೆ ಮಾಡಿದ್ದಲ್ಲ.

ಹಿತ್ತಾಳೆ: ಎಲ್ಲಕ್ಕಿಂತ ಒಳ್ಳೆಯದು, ಆದರೆ ಕೊಟ್ಟಿಗೆಯಿಂದ ದೂರ

ನಮ್ಮಲ್ಲಿ ಸಿಗುವ .32 ಗುಂಡಿನ ಕೇಸು ಹಿತ್ತಾಳೆಯದು: ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಈ ಪಾಕವನ್ನೇ ಆರಿಸಿದ್ದಕ್ಕೆ ಕಾರಣ ಉಂಟು. ದಪ್ಪ ಬಿಲ್ಲೆಯನ್ನು ಬಟ್ಟಲು ಮಾಡಿ, ಹಂತಹಂತವಾಗಿ ಎಳೆದು ಕೊಳವೆ ಮಾಡಿದರೂ ಅದು ಹರಿಯುವುದಿಲ್ಲ. ಮದ್ದು ಉರಿದಾಗ ಕೇಸಿನ ತೆಳುಗೋಡೆ ಹಿಗ್ಗಿ ಕೋಣೆಯ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ಬರದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಕೂದಲೆಳೆಯಷ್ಟು ಕುಗ್ಗಿ ಸಡಿಲವಾಗುತ್ತದೆ, ಕೇಸು ಸಲೀಸಾಗಿ ಹೊರಬರುತ್ತದೆ. ಹಿಗ್ಗುವುದು, ಕುಗ್ಗುವುದು ಎರಡನ್ನೂ ಇಷ್ಟು ಚೆನ್ನಾಗಿ ಮಾಡುವ ಅಗ್ಗದ ಲೋಹ ಇನ್ನೊಂದಿಲ್ಲ.

ಹಿತ್ತಾಳೆಗೆ ಇರುವ ದೊಡ್ಡ ಶತ್ರು ನೀರಲ್ಲ, ಅಮೋನಿಯಾ. ಇದು ಗೊತ್ತಾದದ್ದೇ ನಮ್ಮ ದೇಶದ ಮಳೆಗಾಲದಲ್ಲಿ. ಬ್ರಿಟಿಷರ ಸೈನ್ಯ ಮಳೆಗಾಲದಲ್ಲಿ ಓಡಾಟ ಕಡಿಮೆ ಮಾಡಿ ಗುಂಡಿನ ಪೆಟ್ಟಿಗೆಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ನಿಂತು ತೆಗೆದು ನೋಡಿದರೆ ಕೇಸುಗಳು ಸೀಳಿರುತ್ತಿದ್ದವು, ಅದರಲ್ಲೂ ಗುಂಡನ್ನು ಬಿಗಿಹಿಡಿದ ಬಾಯಿಯ ಹತ್ತಿರ. ಮಳೆಗಾಲದಲ್ಲಿ ಬರುವುದರಿಂದ ಇದಕ್ಕೆ 'ಋತು ಬಿರುಕು' ಎಂಬ ಅರ್ಥದ ಹೆಸರೇ ಬಿತ್ತು. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು 1921ರಲ್ಲಿ ಕಾರಣ ಬಿಡಿಸಿದರು. ಎಳೆದು ಮಾಡಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ತೇವದ ಜೊತೆ ಸೇರಿ ಲೋಹದ ಕಣಗಳ ನಡುವಿನ ಗಡಿಯನ್ನು ತಿನ್ನುತ್ತದೆ. ಬಿಗಿತ ಅಲ್ಲಿಂದಲೇ ಬಿರುಕು ಬಿಡಿಸುತ್ತದೆ. ಈಗಿನ ಕಾರ್ಖಾನೆಗಳಲ್ಲಿ ಕೇಸಿನ ಬಾಯಿಯನ್ನು ಕಾಯಿಸಿ ಈ ಬಿಗಿತ ಇಳಿಸುತ್ತಾರೆ. ಆದರೂ ಗುಂಡು ಕೂರಿಸಿ ಬಾಯಿ ಒತ್ತುವಾಗ ಸ್ವಲ್ಪ ಬಿಗಿತ ಮತ್ತೆ ಬಂದೇ ಬರುತ್ತದೆ.

ಕುದುರೆ ಲಾಯದ ಜಾಗದಲ್ಲಿ ನಮ್ಮ ಕೊಟ್ಟಿಗೆ ಇಟ್ಟು ನೋಡಿ. ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇದೆ. ಮಳೆಗಾಲದಲ್ಲಿ ಬಾಗಿಲು ಹಾಕಿದ ಮನೆಯೊಳಗೆ ಗಂಜಲದ ವಾಸನೆ ಮೂಗಿಗೆ ಬಡಿಯುತ್ತದೆಂದರೆ ಅಮೋನಿಯಾ ಗುಂಡಿನ ಪೊಟ್ಟಣಕ್ಕೂ ತಲುಪಿದೆ ಎಂದೇ ಲೆಕ್ಕ. ಗೊಬ್ಬರದ ಕೋಣೆಯೂ ಅಷ್ಟೇ ಕೆಟ್ಟದ್ದು. ತೇವ ಹಿಡಿದ ಯೂರಿಯಾ ನಿಧಾನಕ್ಕೆ ಅಮೋನಿಯಾ ಬಿಡುತ್ತದೆ. ಅಮೋನಿಯಂ ಸಲ್ಫೇಟ್ ಚೀಲದ ಪಕ್ಕ ಬೋರ್ಡೋ ದ್ರಾವಣಕ್ಕೆ ತಂದ ಸುಣ್ಣ ಚೆಲ್ಲಿದ್ದರಂತೂ ಎರಡೂ ಸೇರಿ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ. ಕೊಳೆರೋಗಕ್ಕೆ ಮದ್ದು ಹೊಡೆಯುವ ಸಾಮಾನು, ಗೊಬ್ಬರ, ಕೋವಿಯ ಗುಂಡು ಮೂರನ್ನೂ ಒಂದೇ ಕೋಣೆಯಲ್ಲಿ ಬೀಗ ಹಾಕಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಬೇಕು. ಮೈಲುತುತ್ತ ತೇವದೊಂದಿಗೆ ಸೇರಿ ಕೋವಿಯ ಉಕ್ಕಿಗೂ ತುಕ್ಕು ತರುತ್ತದೆ.

ಕಿಲುಬು ಕಂಡೊಡನೆ ಹಂಡೆ ತಿಕ್ಕಿದ ಹಾಗೆ ಹುಣಸೆಹಣ್ಣು, ಮುರುಗಲು ಸಿಪ್ಪೆ ಹಾಕಿ ತಿಕ್ಕುವವರಿದ್ದಾರೆ. ದಯವಿಟ್ಟು ಬೇಡ. ಹುಳಿ ಮೇಲ್ಮೈಯ ಸತುವನ್ನು ಮೊದಲು ಕರಗಿಸುತ್ತದೆ, ಉಳಿಯುವುದು ತಾಮ್ರದ ಬಣ್ಣದ ಪೊಳ್ಳು ಪದರ. ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಪಾಲಿಶ್ ಅದಕ್ಕಿಂತ ಅಪಾಯ, ಅವುಗಳಲ್ಲಿ ಹಲವಕ್ಕೆ ಅಮೋನಿಯಾ ಹಾಕಿರುತ್ತಾರೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಹೋದಷ್ಟು ಹೋಗಲಿ. ಚರ್ಮದ ತೋಟೆಪಟ್ಟಿಯಲ್ಲಿ ಗುಂಡು ಸಿಕ್ಕಿಸಿಯೇ ಬಿಡುವುದೂ ಬೇಡ. ಹದ ಮಾಡಿದ ಚರ್ಮದಲ್ಲಿ ಉಳಿದ ಹುಳಿ, ಉಪ್ಪು ತೇವ ಹೀರಿ ಕೇಸಿನ ಸುತ್ತ ಹಸಿರು ಬಳೆ ಕಟ್ಟಿಸುತ್ತದೆ.

ನಿಕ್ಕಲ್ ಹೊದಿಸಿದ ಹಿತ್ತಾಳೆ

ಬೆಳ್ಳಿಯಂತೆ ಹೊಳೆಯುವ ಈ ಕೇಸು ಒಳಗೆ ಹಿತ್ತಾಳೆಯೇ, ಮೇಲೆ ತೆಳು ನಿಕ್ಕಲ್. ಉಪ್ಪುಗಾಳಿ, ಬೆವರು, ಚರ್ಮ ಯಾವುದಕ್ಕೂ ಸುಲಭಕ್ಕೆ ಕಿಲುಬು ಹಿಡಿಯುವುದಿಲ್ಲ. ಜಾರುವಿಕೆ ಹೆಚ್ಚು, ಪಿಸ್ತೂಲಿನಲ್ಲಿ ಸಲೀಸು. ಮರುತುಂಬುವ ದೇಶಗಳಲ್ಲಿ ಇದಕ್ಕೊಂದು ದೂರಿದೆ, ನಾಲ್ಕಾರು ಸಲ ಬಳಸಿದರೆ ಬಾಯಿ ಸೀಳುತ್ತದೆ, ಹೊದಿಕೆ ಚಕ್ಕೆ ಏಳುತ್ತದೆ ಎಂದು. ನಮಗೆ ಆ ಚಿಂತೆ ಇಲ್ಲ. ಕಾರವಾರ, ಅಂಕೋಲಾ, ಕುಮಟಾದ ಕಡಲ ಬದಿಯವರಿಗೆ ಡೀಲರ್ ಹತ್ತಿರ ಇಂಥದ್ದು ಸಿಕ್ಕರೆ, ಬೋರು ಮತ್ತು ಉದ್ದ ಸರಿಯಿದ್ದರೆ, ಹೆಚ್ಚು ದುಡ್ಡು ಕೊಟ್ಟಾದರೂ ಕೊಳ್ಳಬಹುದು. ಗೀರು ಬಿದ್ದ ಜಾಗದಲ್ಲಿ ಮಾತ್ರ ಒಳಗಿನ ಹಿತ್ತಾಳೆ ಬೇಗ ತಿನ್ನಿಸಿಕೊಳ್ಳುತ್ತದೆ, ಗೀರಿದ್ದನ್ನು ಮೊದಲು ಬಳಸಿ ಮುಗಿಸಿ.

12 ಬೋರು: ಕಾಗದವೋ ಪ್ಲಾಸ್ಟಿಕ್ಕೋ

ಇಲ್ಲಿ ಆಯ್ಕೆ ಕಷ್ಟವಿಲ್ಲ, ಪ್ಲಾಸ್ಟಿಕ್. ಕಾಗದದ ತೋಟೆಗೆ ಮೇಣ ಹಚ್ಚಿದ್ದರೂ ಜುಲೈ ತಿಂಗಳ ಥಂಡಿಯನ್ನು ಅದು ಕುಡಿದೇ ಕುಡಿಯುತ್ತದೆ. ಕೊಳವೆ ಉಬ್ಬಿದರೆ ನಳಿಗೆಯೊಳಗೆ ಅರ್ಧಕ್ಕೆ ನಿಲ್ಲುತ್ತದೆ. ಒತ್ತಿ ತುರುಕಿ ಹೊಡೆದರೆ ತಳದ ಲೋಹದ ಬಟ್ಟಲು ಮಾತ್ರ ಕೈಗೆ ಬಂದು ಕಾಗದದ ಕೊಳವೆ ಒಳಗೇ ಉಳಿಯಬಹುದು. ಅದನ್ನು ನೋಡದೆ ಮುಂದಿನ ತೋಟೆ ಹಾಕಿದರೆ ಕೋವಿ ಮುಚ್ಚುವುದಿಲ್ಲ, ಇಲ್ಲವೇ ನಳಿಗೆ ಹಾಳು. ಚರೆಯ (ತೋಟೆಯೊಳಗಿನ ಸಣ್ಣ ಗುಂಡುಗಳ) ಮೇಲಿನ ರಟ್ಟಿನ ಬಿಲ್ಲೆ ಮೆತ್ತಗಾಗಿ ಎದ್ದರೆ ಚರೆ ಜೇಬಿನಲ್ಲೇ ಸುರಿಯುತ್ತದೆ. ಕಾಗದದ್ದೇ ಇದೆ ಎಂದಾದರೆ ಬೇಸಿಗೆಯೊಳಗೆ ಬಳಸಿ ಮುಗಿಸುವಷ್ಟೇ ತನ್ನಿ.

ಪ್ಲಾಸ್ಟಿಕ್ ಉಬ್ಬುವುದಿಲ್ಲ. ಆದರೆ ಅದರ ತಳದ ಬಟ್ಟಲನ್ನು ನೋಡಿ ಮೋಸ ಹೋಗಬೇಡಿ. ಹಿತ್ತಾಳೆಯಂತೆ ಕಂಡರೂ ಹಲವದರಲ್ಲಿ ಅದು ಹಿತ್ತಾಳೆ ಬಣ್ಣ ಹೊದಿಸಿದ ಉಕ್ಕು. ಮನೆಯ ಫ್ರಿಜ್ಜಿನ ಮೇಲಿನ ಸಣ್ಣ ಅಯಸ್ಕಾಂತ ಒಂದನ್ನು ಹಿಡಿದು ನೋಡಿ, ಅಂಟಿದರೆ ಉಕ್ಕು. ಉಕ್ಕಿನ ತಳ ಕೆಟ್ಟದ್ದೇನಲ್ಲ, ಆದರೆ ಹೊದಿಕೆ ಸವೆದ ಅಂಚಿನಲ್ಲಿ ಕೆಂಪು ತುಕ್ಕು ಕೂತರೆ ದಪ್ಪವಾಗಿ ನಳಿಗೆಯ ಬಾಯಿಯಲ್ಲಿ ಕಚ್ಚುತ್ತದೆ, ಎಳೆಯುವ ಕೊಕ್ಕೆ ಅಂಚನ್ನು ಹಿಡಿಯದೆ ಜಾರುತ್ತದೆ. ಕರಾವಳಿಯವರು ನಿಜವಾದ ಹಿತ್ತಾಳೆ ತಳದ್ದನ್ನೇ ಹುಡುಕುವುದು ಮೇಲು. ಬಾಯಿಯನ್ನು ನಕ್ಷತ್ರದಂತೆ ಮಡಚಿ ಮುಚ್ಚಿದ ತೋಟೆಯ ನಡುವಿನ ಸಣ್ಣ ರಂಧ್ರದಿಂದ ನೀರು ಒಳಗಿಳಿಯುತ್ತದೆ ಎನ್ನುವುದೂ ನೆನಪಿರಲಿ. ಮಳೆಯಲ್ಲಿ ನೆನೆದ ತೋಟೆಯನ್ನು ಒಣಗಿಸಿ ಮತ್ತೆ ಡಬ್ಬಿಗೆ ಹಾಕಬೇಡಿ, ಬೇರೆ ಇಡಿ.

ಉದ್ದದ ವಿಷಯ ಇಲ್ಲಿಯೂ ಇದೆ. ಹಳೆಯ ಕೋವಿಗಳಲ್ಲಿ ತೋಟೆಯ ಕೋಣೆ 65 ಮಿ.ಮೀ., ಹೊಸತರಲ್ಲಿ 70. ಡಬ್ಬಿಯ ಮೇಲೆ ಬರೆದ 65 ಅಥವಾ 70 ಎಂಬುದು ಹೊಡೆದು ಬಾಯಿ ಬಿಚ್ಚಿದ ಮೇಲಿನ ಉದ್ದ. ಮಡಚಿ ಮುಚ್ಚಿದ್ದಾಗ 70ರ ತೋಟೆಯೂ 60 ಮಿ.ಮೀ. ಆಸುಪಾಸು ಇರುವುದರಿಂದ 65ರ ಕೋಣೆಯಲ್ಲಿ ಆರಾಮವಾಗಿ ಕೂರುತ್ತದೆ. ಹೊಡೆದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ ಮುಂದಿನ ಇಕ್ಕಟ್ಟಿಗೆ ತುರುಕಿಕೊಂಡು ದಾರಿ ಕಟ್ಟುತ್ತದೆ, ಒತ್ತಡ ಏರುತ್ತದೆ. ನಳಿಗೆಯ ಕೆಳಗಿನ ಮುದ್ರೆ ನೋಡಿ ಕೊಳ್ಳಿ. ಮುದ್ರೆ ಅಳಿಸಿದ್ದರೆ ಗನ್‌ಸ್ಮಿತ್ ಹತ್ತಿರ ಅಳತೆ ತೆಗೆಸಿ. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಬೇಟೆಯ ಅನುಮತಿ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅನುಮತಿಯಿಲ್ಲದೆ ಕಾಡುಹಂದಿ ಹೊಡೆದರೆ ವನ್ಯಜೀವಿ ಕಾಯ್ದೆಯಡಿ ಮೊಕದ್ದಮೆ, ಕೋವಿಯೂ ಹೋಗುತ್ತದೆ.

ಉಕ್ಕು, ಅಲ್ಯುಮಿನಿಯಂ: ಅಮೆರಿಕದಲ್ಲಿ ಇರುವವರಿಗೆ

ಈ ಭಾಗ ಅಲ್ಲಿ ನೆಲೆಸಿ, ಅಲ್ಲಿನ ಕಾನೂನಿನಂತೆ ಪಿಸ್ತೂಲು ಇಟ್ಟುಕೊಂಡು ಗುರಿ ಅಭ್ಯಾಸದ ರೇಂಜಿಗೆ ಹೋಗುವ ನಮ್ಮವರಿಗೆ. ಸರ್ಪ್ಲಸ್ ಕೊಳ್ಳುವ ಪ್ರಶ್ನೆ ಬರುವುದು ಅಲ್ಲೇ.

ಉಕ್ಕಿನ ಕೇಸು ಅಗ್ಗ. ತುಕ್ಕು ತಡೆಯಲು ಹಳೆಯವಕ್ಕೆ ಅರಗಿನಂಥ ಮೆರುಗು, ಹೊಸವಕ್ಕೆ ಪ್ಲಾಸ್ಟಿಕ್ ಲೇಪ, ಕೆಲವಕ್ಕೆ ತಾಮ್ರದ ನೀರು ಅಥವಾ ಸತುವಿನ ಹೊದಿಕೆ. ರಷ್ಯಾದ ಗುಂಡಿನ ಹೊಸ ಆಮದಿಗೆ ಅಮೆರಿಕ 2021ರ ಸೆಪ್ಟೆಂಬರಿನಲ್ಲಿ ತಡೆ ಹಾಕಿದ ಮೇಲೆ ಮೊದಲಿನಷ್ಟು ಸಿಗುತ್ತಿಲ್ಲ. ಉಕ್ಕು ಹಿತ್ತಾಳೆಯಷ್ಟು ಚೆನ್ನಾಗಿ ಹಿಗ್ಗಿ ಕೋಣೆಯನ್ನು ಮುಚ್ಚುವುದಿಲ್ಲವಾದ್ದರಿಂದ ಮಸಿ ಕೇಸಿನ ಹೊರಬದಿಗೂ ನುಗ್ಗಿ ಕೋಣೆಯ ಗೋಡೆಗೆ ಕೂರುತ್ತದೆ. ಇನ್ನೂರು ಉಕ್ಕಿನ ಗುಂಡು ಹೊಡೆದು ಹಾಗೆಯೇ ಹಿತ್ತಾಳೆಯದ್ದು ಹಾಕಿದರೆ, ಹಿತ್ತಾಳೆ ಹಿಗ್ಗಿ ಆ ಮಸಿಯನ್ನು ಕಚ್ಚಿಕೊಂಡು ಸಿಕ್ಕಿಬೀಳುತ್ತದೆ. ಕೇಸಿನ ಮೆರುಗು ಕರಗಿ ಅಂಟಿತು ಎಂದು ಹೇಳುವುದುಂಟು, ತೊಂದರೆಯ ಮೂಲ ಮಸಿಯೇ. ಒಂದರಿಂದ ಇನ್ನೊಂದಕ್ಕೆ ಹೋಗುವ ಮೊದಲು ಕೋಣೆಗೆ ಬ್ರಷ್ಷು ಹಾಕಿ ಒರೆಸಿದರೆ ಮುಗಿಯಿತು. ಅಗ್ಗದ ಉಕ್ಕಿನ ಕೇಸಿನ ಜೊತೆ ಗುಂಡಿನ ಹೊದಿಕೆಯೂ ಹೆಚ್ಚಾಗಿ ಉಕ್ಕಿನದ್ದಾಗಿರುತ್ತದೆ, ಮೇಲೆ ತೆಳು ತಾಮ್ರ ಅಷ್ಟೇ. ಅಯಸ್ಕಾಂತ ಅಂಟುತ್ತದೆ. ನಳಿಗೆ ಬೇಗ ಸವೆಯುತ್ತದೆ, ಕಿಡಿ ಹಾರುತ್ತದೆಂದು ಹಲವು ಒಳಾಂಗಣ ರೇಂಜುಗಳು ಒಳಗೆ ಬಿಡುವುದಿಲ್ಲ. ಸಾವಿರ ಗುಂಡು ಕೊಳ್ಳುವ ಮೊದಲು ನಿಮ್ಮ ರೇಂಜಿನಲ್ಲಿ ಕೇಳಿ.

ಅಲ್ಯುಮಿನಿಯಂ ಹಗುರ, ಅಗ್ಗ, ಒಮ್ಮೆ ಹೊಡೆದರೆ ಮುಗಿಯಿತು. ಅಭ್ಯಾಸಕ್ಕೆ ಸಾಕು. ಫ್ಲೋರಿಡಾದಂಥ ಕಡಲಂಚಿನಲ್ಲಿ ವರ್ಷಗಟ್ಟಲೆ ಇಡಲು ಬೇಡ, ಉಪ್ಪಿಗೆ ಬಿಳಿ ಪುಡಿ ಎದ್ದು ಗುಳಿ ಬೀಳುತ್ತದೆ.

ಸರ್ಪ್ಲಸ್ಸಿನಲ್ಲಿ ಕೇಸಿಗಿಂತ ಹೆಚ್ಚು ಗಮನಿಸಬೇಕಾದ್ದು ಮದ್ದಿಗೆ ಬೆಂಕಿ ಹೊತ್ತಿಸುವ ತಳದ ಕೇಪು. ಹಳೆಯ ಕೇಪಿನಲ್ಲಿ ಪೊಟ್ಯಾಷಿಯಂ ಕ್ಲೋರೇಟ್ ಇರುತ್ತದೆ. ಉರಿದ ಮೇಲೆ ಉಳಿಯುವುದು ಪೊಟ್ಯಾಷಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಜಾತಿಯದ್ದೇ. ಅದು ಗಾಳಿಯ ತೇವ ಹೀರಿ ನಳಿಗೆಯನ್ನು ರಾತ್ರಿ ಬೆಳಗಾಗುವುದರೊಳಗೆ ಕೆಂಪು ಮಾಡಬಲ್ಲದು. ಪೂರ್ವ ಯೂರೋಪಿನಿಂದ ಬಂದ 7.62×25 ಟೋಕರೆವ್ ಗುಂಡನ್ನು, ಡಬ್ಬಿಯ ಮೇಲೆ ಏನೇ ಬರೆದಿರಲಿ, ಇಂಥದ್ದೇ ಎಂದು ತಿಳಿದು ನಡೆಯುವುದು ಕ್ಷೇಮ. ಹೊಡೆದ ದಿನವೇ ಖಾಲಿ ಪಿಸ್ತೂಲು ಬಿಚ್ಚಿ ನಳಿಗೆಯೊಳಗೆ ಅರ್ಧ ಲೀಟರ್ ಕುದಿಯುವ ನೀರು ಹೊಯ್ಯಿರಿ, ಒರೆಸಿ, ಆಮೇಲೆ ಎಣ್ಣೆ. ಬರೀ ಎಣ್ಣೆ ಹಚ್ಚಿದರೆ ಉಪ್ಪು ಕರಗುವುದಿಲ್ಲ, ಎಣ್ಣೆಯ ಕೆಳಗೇ ಕೂತು ತಿನ್ನುತ್ತದೆ. ಕೇಪಿನಲ್ಲಿ ಪಾದರಸದ ಮದ್ದಿದ್ದ ಇನ್ನೂ ಹಳೆಯ ಗುಂಡುಗಳಲ್ಲಿ, ಹೊಡೆದಾಗ ಪಾದರಸ ಹಿತ್ತಾಳೆಯೊಳಗೆ ಇಳಿದು ಕೇಸನ್ನೇ ಹಪ್ಪಳದಂತೆ ಪುಡಿಯಾಗುವ ಹಾಗೆ ಮಾಡುತ್ತದೆ. ಅಂಥ ಕೇಸು ಮರುತುಂಬಲು ಬರುವುದಿಲ್ಲ. ಖಾಲಿ ಕೇಸಿನೊಳಗೆ ಟಾರ್ಚ್ ಬಿಟ್ಟು ನೋಡಿದಾಗ ನಡುವೆ ಒಂದೇ ರಂಧ್ರವಿದ್ದರೆ ಬಾಕ್ಸರ್ ಮಾದರಿ, ಮರುತುಂಬಬಹುದು. ಎರಡು ಸಣ್ಣ ರಂಧ್ರವಿದ್ದರೆ ಬರ್ಡನ್, ಬಿಟ್ಟುಬಿಡಿ.

9 ಎಂಎಂ ಸರ್ಪ್ಲಸ್ಸಿನಲ್ಲಿ ಕೆಲವು ಸಬ್‌ಮಷಿನ್ ಗನ್ನಿಗೆಂದೇ ಮಾಡಿದವು, ಒತ್ತಡ ಹೆಚ್ಚು. ಹಳೆಯ ಪಿಸ್ತೂಲಿಗೆ ಹಾಕಬೇಡಿ. ತಳದಲ್ಲಿ ವೃತ್ತದೊಳಗೆ ಕೂಡುವ (+) ಚಿಹ್ನೆ ಇದ್ದರೆ ನ್ಯಾಟೊ ಸೇನಾಕೂಟದ ಮಾಲು. ಒಮ್ಮೆಲೇ ಸಾವಿರ ಕೊಳ್ಳದೆ 50 ತಂದು ಹೊಡೆದು ನೋಡಿ, ಸರಿಯಿದ್ದರೆ ಅದೇ ಲಾಟ್ ನಂಬರಿನದ್ದನ್ನೇ ತನ್ನಿ. ಊರಿಗೆ ಬರುವ ಮುನ್ನ ರೇಂಜಿಗೆ ಒಯ್ದ ಬ್ಯಾಗು, ಜಾಕೆಟ್ಟಿನ ಜೇಬು ಎಲ್ಲವನ್ನೂ ಕೊಡವಿ ನೋಡಿ. ಒಂದೇ ಒಂದು ಮರೆತ ಗುಂಡು ಇಲ್ಲಿನ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ ಪೊಲೀಸ್ ಠಾಣೆಯೇ ಗತಿ.

ಹಳೆಯ ದಾಸ್ತಾನು ಕೊಡುತ್ತೇವೆ ಎಂದರೆ

ಡೀಲರ್ ಹತ್ತಿರ ಉಳಿದ ಹಳೆಯ ಪೊಟ್ಟಣ ಸ್ವಲ್ಪ ಕಡಿಮೆಗೆ ಸಿಗಬಹುದು. ತಳದ ಮುದ್ರೆ ಓದಿ. ಕೆಎಫ್ ಎಂದಿದ್ದರೆ ಪುಣೆಯ ಖಡಕಿ ಕಾರ್ಖಾನೆ, ಒಎಫ್‌ವಿ ಎಂದಿದ್ದರೆ ಜಳಗಾಂವ್ ಜಿಲ್ಲೆಯ ವರಣಗಾಂವ್. ಪೊಟ್ಟಣದ ಮೇಲೆ ತಯಾರಿಯ ವರ್ಷ, ಲಾಟ್ ನಂಬರು ನೋಡಿ. ವರ್ಷ ಹಳತಾದ ಮಾತ್ರಕ್ಕೆ ಗುಂಡು ಕೆಟ್ಟಿತೆಂದಲ್ಲ. ಹುಬ್ಬಳ್ಳಿಯ ಒಣ ಹವೆಯಲ್ಲಿ ಮುಚ್ಚಿದ ಪೊಟ್ಟಣದಲ್ಲಿ 15 ವರ್ಷ ಇದ್ದದ್ದು, ಕುಮಟಾದ ಮನೆಯಲ್ಲಿ ಬಿಚ್ಚಿಟ್ಟು 3 ವರ್ಷವಾದದ್ದಕ್ಕಿಂತ ಚೆನ್ನಾಗಿರಬಹುದು.

ಐವತ್ತರಲ್ಲಿ ಹತ್ತನ್ನು ಆರಿಸಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೊದಲು ಗುಂಡು ಮತ್ತು ಕೇಸು ಕೂಡುವ ಬಾಯಿ, ನಿಧಾನಕ್ಕೆ ತಿರುಗಿಸುತ್ತ ಭೂತಗನ್ನಡಿಯಲ್ಲಿ. ಋತು ಬಿರುಕು ಉದ್ದಕ್ಕೆ, ಕೂದಲಿನಂತೆ, ಕಪ್ಪಗೆ ಕಾಣುತ್ತದೆ. ಉಗುರು ಅಡ್ಡ ಎಳೆದರೆ ತಡೆಯುತ್ತದೆ. ಒಂದರಲ್ಲಿ ಕಂಡರೂ ಇಡೀ ಲಾಟ್ ಬೇಡ, ಏಕೆಂದರೆ ಆ ಪೊಟ್ಟಣದ ಎಲ್ಲವೂ ಒಂದೇ ಗಾಳಿ ಕುಡಿದಿವೆ. ಆಮೇಲೆ ಕೇಪಿನ ಸುತ್ತ: ಅಲ್ಲಿ ಹಸಿರು ಉಂಗುರ ಕಟ್ಟಿದ್ದರೆ ತೇವ ಒಳಗೆ ಹೋಗಿದೆ. ಕೇಸಿನ ಮೈಯ ಕಿಲುಬು ಒಣಬಟ್ಟೆಗೆ ಹೋಗಿ ಕೆಳಗೆ ನುಣುಪಿದ್ದರೆ ಚಿಂತೆಯಿಲ್ಲ, ಗುಳಿ ಅಥವಾ ಗುಲಾಬಿ-ಕೆಂಪು ಮಚ್ಚೆ ಉಳಿದರೆ ಬೇಡ. ಕೊನೆಗೆ ಗುಂಡನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ. ತಿರುಗಿದರೆ ಅಥವಾ ಒಳಗೆ ಸರಿದರೆ ಬಿಗಿತ ಹೋಗಿದೆ. ಒಳಗೆ ಸರಿದ ಗುಂಡಿನ ಹಿಂದೆ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ವಿಪರೀತ ಏರುತ್ತದೆ. ಪಿಸ್ತೂಲಿನಲ್ಲಿ ದಿನಾ ಅದೇ ಗುಂಡನ್ನು ತುಂಬಿ ತೆಗೆದು ಮಾಡಿದರೂ ಇದೇ ಆಗುತ್ತದೆ. .32 ಎಸಿಪಿಯನ್ನು ಮ್ಯಾಗಜಿನ್‌ಗೆ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು, ಹಿಂದೆ ಬಿದ್ದರೆ ಎರಡೂ ಕೊಕ್ಕೆ ಹಾಕಿಕೊಂಡು ನಿಲ್ಲುತ್ತವೆ.

ಕೊಳ್ಳುವುದಕ್ಕೆ ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಜೂನಿನಲ್ಲಿ ತಂದರೆ ದಾರಿಯ ತೇವವನ್ನೇ ಡಬ್ಬಿಯೊಳಗೆ ಮುಚ್ಚಿದಂತೆ.

ಇಡುವುದು

ರಬ್ಬರ್ ಅಂಚಿನ ಗಟ್ಟಿ ಡಬ್ಬಿ, ಬೀಗ ಹಾಕುವಂಥದ್ದು. ಅಂಚು ಸರಿಯಿದೆಯೇ ನೋಡಲು ಒಂದು ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯಿರಿ. ಸುತ್ತ ನಾಲ್ಕೂ ಕಡೆ ಕಾಗದ ಬಿಗಿಯಾಗಿ ನಿಲ್ಲಬೇಕು. 10 ಲೀಟರಿನ ಡಬ್ಬಿಗೆ 100 ಗ್ರಾಂ ಸಿಲಿಕಾ ಜೆಲ್, ಬಟ್ಟೆಯ ಚೀಲದಲ್ಲಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ತೇವ ತುಂಬಿದೆ. 110-120 ಡಿಗ್ರಿಯ ಓವನ್ನಿನಲ್ಲಿ ಎರಡು ತಾಸು ಇಟ್ಟರೆ ಮತ್ತೆ ಕಿತ್ತಳೆ. ಬಾಣಲೆಯಲ್ಲಿ ಹುರಿದರೆ ಹರಳು ಸಿಡಿದು ಪುಡಿಯಾಗುತ್ತದೆ. ಮಳೆಗಾಲದಲ್ಲಿ ಡಬ್ಬಿಯನ್ನು ಪದೇ ಪದೇ ತೆರೆದು ನೋಡಬೇಡಿ. ಮೇ ಕೊನೆಗೆ ಹರಳು ಒಣಗಿಸಿ ಮುಚ್ಚಿ, ದಸರೆಗೆ ತೆರೆಯಿರಿ.

ಬಚ್ಚಲು ಒಲೆಯ ಗೋಡೆ, ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವವರಿದ್ದಾರೆ. ಶಾಖ ಮದ್ದನ್ನು ಬೇಗ ಹಾಳು ಮಾಡುತ್ತದೆ. ತಂಪಾದ, ಒಣಗಿದ, ಒಳಗೋಡೆಯ ಕಪಾಟು ಸರಿ. ಕೋವಿ ಬೇರೆ ಬೀಗದಲ್ಲಿ, ಗುಂಡು ಬೇರೆ ಬೀಗದಲ್ಲಿ, ಮಕ್ಕಳ ಕೈಗೆ ಎರಡರ ಕೀಲಿಯೂ ಸಿಗದಂತೆ. ಚುನಾವಣೆಯ ಹೊತ್ತಿಗೆ ಠಾಣೆಗೋ ಡೀಲರಿಗೋ ಒಪ್ಪಿಸುವಾಗ ಗುಂಡುಗಳನ್ನು ಬಿಡಿಯಾಗಿ ಚೀಲದಲ್ಲಿ ಹಾಕದೆ, ಇದೇ ಡಬ್ಬಿಯಲ್ಲಿ ಹರಳಿನ ಸಮೇತ ಕೊಟ್ಟು ಎಷ್ಟು ಗುಂಡು, ಯಾವ ಲಾಟ್ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ವಾಪಸ್ ಬಂದಾಗ ಎಣಿಸಿ, ಬಾಯಿ ಮತ್ತು ಕೇಪನ್ನು ಮತ್ತೊಮ್ಮೆ ನೋಡಿ.

ಹೊಡೆಯದಿದ್ದರೆ, ಕೆಟ್ಟಿದ್ದರೆ

ಟ್ರಿಗರ್ ಎಳೆದು 'ಟಿಕ್' ಎಂದು ನಿಂತರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ತಡವಾಗಿ ಹೊತ್ತಿಕೊಳ್ಳುವುದುಂಟು. ಸದ್ದು ಸಣ್ಣದಾಗಿ 'ಪುಸ್' ಎಂದು, ಒದೆತ ಇಲ್ಲದೆ ಹೋದರೆ ಇನ್ನೂ ಎಚ್ಚರ. ಒದ್ದೆಯಾದ ಮದ್ದು ಅರೆಬರೆ ಉರಿದು ಗುಂಡು ನಳಿಗೆಯ ಮಧ್ಯೆಯೇ ನಿಂತಿರಬಹುದು. ಖಾಲಿ ಮಾಡಿ, ಹಿಂದಿನಿಂದ ನಳಿಗೆಯ ಮೂಲಕ ಬೆಳಕು ನೋಡಿ. ಬೆಳಕು ಕಾಣದಿದ್ದರೆ ಮುಂದಿನ ಗುಂಡು ಹಾಕಲೇಬೇಡಿ, ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ನಿಂತ ಗುಂಡನ್ನು ಮನೆಯಲ್ಲಿ ಸರಳು ಹಾಕಿ ಬಡಿಯದೆ ಗನ್‌ಸ್ಮಿತ್ ಹತ್ತಿರ ಒಯ್ಯಿರಿ.

ಕೆಟ್ಟ ಗುಂಡನ್ನು ಬಾವಿಗೆ ಹಾಕುವುದು, ಅಡಿಕೆ ಬುಡದಲ್ಲಿ ಹೂಳುವುದು, ಒಲೆಗೆ ಎಸೆಯುವುದು, ಗುಜರಿಗೆ ಕೊಡುವುದು ಯಾವುದೂ ಸಲ್ಲ. ಲೈಸೆನ್ಸ್ ಜೊತೆ ಡೀಲರಿಗೋ ಠಾಣೆಗೋ ಒಪ್ಪಿಸಿ, ಲೆಕ್ಕದಿಂದ ಕಳೆಸಿ. ಅಜ್ಜನ ಕಾಲದ ಟ್ರಂಕಿನಲ್ಲಿ ಗುಂಡು ಸಿಕ್ಕಿದರೂ, ಲೈಸೆನ್ಸ್ ಇದ್ದವರು ತೀರಿಕೊಂಡು ಕೋವಿ, ಗುಂಡು ಮನೆಯಲ್ಲಿ ಉಳಿದರೂ ಮೊದಲ ಕೆಲಸ ಅದನ್ನು ಠಾಣೆಯಲ್ಲಿ ಅಥವಾ ಡೀಲರ್ ಹತ್ತಿರ ಠೇವಣಿ ಇಟ್ಟು ರಸೀದಿ ಪಡೆಯುವುದು. ವಾರಸುದಾರರು ಕೋವಿ ಉಳಿಸಿಕೊಳ್ಳಬೇಕೆಂದರೆ ಅರ್ಜಿ ಆಮೇಲೆ. ಆ ಹಳೆಯ ಗುಂಡುಗಳನ್ನು ಮಾತ್ರ ವಾಪಸ್ ಕೇಳಬೇಡಿ, ಹೊಸ ಲೈಸೆನ್ಸಿಗೆ ಹೊಸ ಪೊಟ್ಟಣವೇ ಇರಲಿ.